ಒಂದು ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಬೇಕೇ?

ಲ್ಯಾಮಿಂಗ್ಟನ್ ರೋಡಿನ ಕಡೆ ಹೋಗಿಬರುವ ನಮ್ಮ ವಾಚಕರಲ್ಲಿ ಕೆಲವರು, ಮನೆಯ ಸ್ಟೀರಿಯೋ ಸ್ಪೀಕರುಗಳಿಗೆ ಇನ್ನೊಂದು ಆಂಪ್ಲಿಫೈಯರ್ ಜೋಡಿಸಿದರೆ ಹಾಡು ಇಮ್ಮಡಿಯಾಗಿ ಕೇಳುವುದೇ ಎಂದು ವಿಚಾರಿಸುತ್ತಿರುತ್ತಾರೆ. ಸಂಬಳದಲ್ಲಿ ಉಳಿಸಿದ ಹಣದ ಮಾತಾದುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಸಾಧಾರಣವಾಗಿ ಸ್ಪೀಕರ್ ಪೆಟ್ಟಿಗೆಯಲ್ಲಿ ಎರಡು ಬಾಯಿಗಳಿರುತ್ತವೆ. ಡಗ್ಗದಂತಹ ತಗ್ಗಿನ ನಾದಕ್ಕೆ ದೊಡ್ಡದಾದ ವೂಫರ್. ತಾಳ, ಗೆಜ್ಜೆಗಳ ಮೊನಚಿಗೆ ಚಿಕ್ಕದಾದ ಟ್ವೀಟರ್. ಬಂದ ವಿದ್ಯುತ್ತನ್ನು ಇವೆರಡಕ್ಕೂ ಪಾಲುಮಾಡಿ ಕೊಡುವುದು ತಂತಿಯ ಸುರುಳಿ, ಕೆಪ್ಯಾಸಿಟರುಗಳಿಂದಾದ ಕ್ರಾಸ್‌ಓವರ್. ಬಹುಪಾಲು ಪೆಟ್ಟಿಗೆಗಳಲ್ಲಿ ಈ ಪಾಲು ಸೆಕೆಂಡಿಗೆ 2000ದಿಂದ 3000 ಕಂಪನಗಳ ಸುಮಾರಿನಲ್ಲಿ ಆಗುತ್ತದೆ.

ಕೆಲವು ಪೆಟ್ಟಿಗೆಗಳ ಬೆನ್ನಿಗೆ ಎರಡರ ಬದಲು ನಾಲ್ಕು ತಿರುಪುಗಳಿದ್ದು, ಮೇಲಿನ ಜೋಡಿಯನ್ನು ಕೆಳಗಿನ ಜೋಡಿಗೆ ಲೋಹದ ಪಟ್ಟಿಗಳು ಕೂಡಿಸಿರುತ್ತವೆ. ಪಟ್ಟಿಗಳನ್ನು ತೆಗೆದು ಮೇಲಿನದಕ್ಕೆ ಒಂದು, ಕೆಳಗಿನದಕ್ಕೆ ಒಂದು ಆಂಪ್ಲಿಫೈಯರ್ ಕೊಡಬಹುದು. ಪಟ್ಟಿ ತೆಗೆಯುವುದನ್ನು ಮರೆತರೆ ಮಾತ್ರ ಎರಡು ಆಂಪ್ಲಿಫೈಯರುಗಳು ನೇರವಾಗಿ ತಗುಲಿ, ಒಂದು ತಳ್ಳಿದ್ದನ್ನು ಇನ್ನೊಂದು ನುಂಗಬೇಕಾಗಿ, ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟುಹೋದಾವು. ಎರಡೇ ತಿರುಪಿನ ಪೆಟ್ಟಿಗೆಗಂತೂ ಎರಡು ಆಂಪ್ಲಿಫೈಯರುಗಳನ್ನು ಕಟ್ಟಲೇಕೂಡದು. ಕಪ್ಪು ತಂತಿಗಳೆಲ್ಲ ಹೇಗೂ ಒಂದೇ ಎಂದು ಕೂಡಿಸಿಬಿಡುವವರಿದ್ದಾರೆ. ಕೆಲವು ಆಂಪ್ಲಿಫೈಯರುಗಳಲ್ಲಿ ಕಪ್ಪು ತಿರುಪಿನಲ್ಲೂ ಹಾಡಿನ ವೋಲ್ಟೇಜು ಇರುವುದರಿಂದ ಅದೂ ಸಲ್ಲದು.

ಇಷ್ಟು ಮಾಡಿದರೆ ಬರುವ ಲಾಭವೇನು? ಅಷ್ಟಕ್ಕಷ್ಟೆ. 20 ವ್ಯಾಟಿನ ಬದಲು 40 ವ್ಯಾಟ್ ಕೊಟ್ಟರೂ ಏರುವುದು 3 ಡೆಸಿಬೆಲ್. ಕಿವಿಗೆ ತುಸು ಹೆಚ್ಚೆನಿಸುವಷ್ಟು. ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಇಲ್ಲಿಯೋ ಆ 3 ಡೆಸಿಬೆಲ್ಲೂ ಪೂರಾ ದಕ್ಕುವುದಿಲ್ಲ. ಪಾಲು ಆಗುವುದು ಆಂಪ್ಲಿಫೈಯರನ್ನು ದಾಟಿದ ಮೇಲೆ, ಪೆಟ್ಟಿಗೆಯೊಳಗೆ. ಆದುದರಿಂದ ಎರಡು ಆಂಪ್ಲಿಫೈಯರುಗಳೂ ಇಡೀ ಹಾಡಿನ ವೋಲ್ಟೇಜನ್ನು ಹೊರಲೇಬೇಕು. ಹಗುರಾಗುವುದು ಕರೆಂಟಿನ ಹೊರೆ ಮಾತ್ರ. ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ನಿಜವಾದ ಗುಣ ಕಾಣುವುದು ಪಾಲನ್ನು ಆಂಪ್ಲಿಫೈಯರಿಗಿಂತ ಮೊದಲೇ ಮಾಡಿದಾಗ. ಗಣೇಶೋತ್ಸವದ ದೊಡ್ಡ ಸ್ಪೀಕರ್ ಸಾಲುಗಳಲ್ಲಿ ತಗ್ಗಿನ ನಾದಕ್ಕೇ ಬೇರೆ ಆಂಪ್ಲಿಫೈಯರ್ ಇರುವುದು ಈ ಕ್ರಮದಿಂದಲೇ. ತಗ್ಗಿನ ಆಂಪ್ಲಿಫೈಯರ್ ಶಕ್ತಿ ಸಾಲದೆ ಒರಲಿದರೂ ಆ ಕರ್ಕಶ ಟ್ವೀಟರಿಗೆ ಮುಟ್ಟುವುದಿಲ್ಲ. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ, ಅವರ ಮತ್ತು ರಸ್ ರೈಲಿಯವರ ಹೆಸರಿನಿಂದ ನಡೆಯುವ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಆದರೆ ಮನೆಯಲ್ಲಿ ಹೀಗೆ ಮಾಡಲು ಪೆಟ್ಟಿಗೆ ಬಿಚ್ಚಿ ಒಳಗಿನ ಕ್ರಾಸ್‌ಓವರನ್ನು ಕಳಚಬೇಕು, ಪಾಲುಮಾಡುವ ಯಂತ್ರವನ್ನು ಬೇರೆ ಕೊಳ್ಳಬೇಕು, ಅಳೆದು ಹೊಂದಿಸಬೇಕು. ಹವ್ಯಾಸವುಳ್ಳವರಿಗೆ ಸರಿ, ಉಳಿದವರಿಗೆ ಇದು ಕೈಸುಡುವ ಬಾಬು.

ಒಂದೇ ಮಾದರಿಯ ಎರಡು ಆಂಪ್ಲಿಫೈಯರುಗಳು ಮೊದಲೇ ಕೈಯಲ್ಲಿದ್ದು, ಪೆಟ್ಟಿಗೆಗೆ ನಾಲ್ಕು ತಿರುಪುಗಳಿದ್ದರೆ ಮಾಡಿನೋಡಲು ಅಡ್ಡಿಯಿಲ್ಲ. ಮಾದರಿ ಬೇರೆಯಾದರೆ ಒಂದರ ವರ್ಧನೆ ಹೆಚ್ಚಾಗಿ, ಟ್ವೀಟರ್ ಕಿರುಚುತ್ತದೆ ಇಲ್ಲವೆ ವೂಫರ್ ಗುಡುಗುತ್ತದೆ.

ಹೊಸದಾಗಿ ಕೊಳ್ಳುವವರು ಒಂದು ಲೆಕ್ಕ ನೋಡಬೇಕು. ಮನೆಯ ಸ್ಪೀಕರುಗಳಲ್ಲಿ ಹಲವು, 1 ವ್ಯಾಟಿಗೇ 1 ಮೀಟರ್ ದೂರದಲ್ಲಿ 86ರಿಂದ 90 ಡೆಸಿಬೆಲ್ ಕೊಡುತ್ತವೆ. ಹತ್ತಡಿಯ ಚಾಳಿನ ಖೋಲಿಯಲ್ಲಿ ಅಷ್ಟಕ್ಕೇ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಎರಡನೆಯ ಆಂಪ್ಲಿಫೈಯರಿಗೆ ಎತ್ತಿಟ್ಟ ಹಣವನ್ನು ಇನ್ನೂ ಮೇಲಾದ ಒಂದು ಜೊತೆ ಸ್ಪೀಕರಿಗೆ ಹಾಕುವುದೇ ಲೇಸೆಂದು ನಮ್ಮ ಅಭಿಪ್ರಾಯ.