ವಿದ್ಯುತ್ ಗಿಟಾರಿನ ನಾದವನ್ನು ಸುಧಾರಿಸುವುದು ಹೇಗೆ?

ವಿದ್ಯುತ್ ಗಿಟಾರು ಕಲಿಯುತ್ತಿರುವ ಮಗು ಅಪಸ್ವರ ನುಡಿಸಿದರೆ, "ಇವನಿಗೆ ಸ್ವರಜ್ಞಾನವೇ ಇಲ್ಲ" ಎಂದು ಮನೆಯವರು ಹೇಳಿಬಿಡುವುದುಂಟು. "ವಾದ್ಯವೇ ಸರಿಯಿಲ್ಲ, ಹೊಸದನ್ನು ಕೊಡಿಸಿರಿ" ಎಂದು ಮಗು ಹಟ ಹಿಡಿಯುವುದೂ ಉಂಟು. ಈ ಎರಡು ತೀರ್ಮಾನಗಳಿಗೂ ಮೊದಲು, ವಾದ್ಯವನ್ನು ಸರಿಯಾಗಿ ಹೊಂದಿಸಲಾಗಿದೆಯೇ ಎಂಬುದನ್ನು ನಾವು ನೋಡಬೇಕು. ನಮ್ಮ ನೆರೆಯ ಮಿರಜದ ಕುಶಲಿಗರು ಕುದುರೆಯನ್ನು ಉಜ್ಜಿ ಜವಾರಿ ಸರಿಪಡಿಸಿದಾಗ, ಮಂಕಾಗಿದ್ದ ತಂಬೂರಿ ಮತ್ತೆ ತುಂಬುನಾದ ಕೊಡುತ್ತದೆ. ಗಿಟಾರಿಗೂ ಅಂಥ ಆರೈಕೆ ಬೇಕು.

ಸಾಮಾನ್ಯವಾಗಿ ವಿದ್ಯುತ್ ಗಿಟಾರಿನ ಒಡಲು ಗಟ್ಟಿ ಮರದ್ದು. ತಂಬೂರಿಗಿರುವಂತೆ ಟೊಳ್ಳು ಬುರುಡೆ ಇದಕ್ಕಿಲ್ಲ. ಆದ್ದರಿಂದ ತಂತಿಯ ಸದ್ದು ತಾನಾಗಿ ದೊಡ್ಡದಾಗುವುದಿಲ್ಲ. ತಂತಿಗಳ ಕೆಳಗೆ 'ಪಿಕಪ್' ಎಂಬ ಭಾಗವಿದೆ. ಅದರಲ್ಲಿ ಅಯಸ್ಕಾಂತವೂ ಅದರ ಸುತ್ತ ಬಲು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹೆಚ್ಚಿಸಿ ನಮಗೆ ಕೇಳಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇಲ್ಲಿಯೂ ಕೆಲಸ ಮಾಡುತ್ತದೆ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು: ತಂತಿ ತಪ್ಪು ಸ್ವರದಲ್ಲಿ ಕಂಪಿಸಿದರೆ, ಎಷ್ಟೇ ಬೆಲೆಯ ಪಿಕಪ್ ಕೂಡ ಆ ತಪ್ಪು ಸ್ವರವನ್ನೇ ಮುಟ್ಟಿಸುತ್ತದೆ. ಆದ್ದರಿಂದ ಸುಧಾರಣೆಯನ್ನು ತಂತಿಯಿಂದಲೇ ಆರಂಭಿಸಬೇಕು.

ಮೊದಲನೆಯದಾಗಿ, ತುಕ್ಕು ಹಿಡಿದ, ಬೆವರಿನಿಂದ ಮಂಕಾದ ತಂತಿಗಳನ್ನು ತೆಗೆದು ಹೊಸ ತಂತಿ ಕಟ್ಟಬೇಕು. ಎಷ್ಟೋ ಸಲ ಇಷ್ಟರಿಂದಲೇ ನಾದ ತಿಳಿಯಾಗುತ್ತದೆ.

ಎರಡನೆಯದು ತಂತಿಗಳ ಎತ್ತರ. ದಂಡಿಯ ಮೇಲಿರುವ ಲೋಹದ ಮೆಟ್ಟಿಲುಗಳಿಗೆ ಫ್ರೆಟ್ ಎನ್ನುತ್ತಾರೆ. ತಂತಿಯು 12ನೆಯ ಫ್ರೆಟ್ಟಿನಿಂದ ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರ್ ಮೇಲಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅತಿ ಎತ್ತರವಿದ್ದರೆ ಒತ್ತುವಾಗ ತಂತಿ ಬಿಗಿದು ಸ್ವರ ಏರುತ್ತದೆ. ಎಳೆಯ ಬೆರಳುಗಳೂ ನೋಯುತ್ತವೆ. ಅತಿ ತಗ್ಗಿದರೆ ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತದೆ. ದಂಡಿಯೊಳಗಿನ ಉಕ್ಕಿನ ಸರಳನ್ನು ತಿರುಗಿಸುವ ಕೆಲಸವನ್ನು ಮಾತ್ರ ತಿಳಿದವರಿಗೇ ಬಿಡುವುದು ಲೇಸು.

ಮೂರನೆಯದು ಸ್ವರಶುದ್ಧಿ. ತಂತಿಯ ನಡುವಿರುವ 12ನೆಯ ಫ್ರೆಟ್ಟನ್ನು ಒತ್ತಿ ಮೀಟಿದರೆ, ಬಿಟ್ಟ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಬರಬೇಕು. ಅದು ಏರಿ ನುಡಿದರೆ, ಕುದುರೆಯ ಮೇಲೆ ತಂತಿ ಕೂರುವ ಚಿಕ್ಕ ತುಂಡನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಬೇಕು. ಇಳಿದು ನುಡಿದರೆ ಮುಂದಕ್ಕೆ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ಪರೀಕ್ಷಿಸಬೇಕು.

ನಾಲ್ಕನೆಯದು ಪಿಕಪ್ಪಿನ ಎತ್ತರ. ಅದು ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತವು ತಂತಿಯನ್ನು ಸೆಳೆದು ನಾದ ತೊನೆಯುತ್ತದೆ, ಬೇಗ ಅಡಗುತ್ತದೆ. ದೂರವಾದರೆ ನಾದ ಸೊರಗುತ್ತದೆ. ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದಾಗ ಎರಡರಿಂದ ಮೂರು ಮಿಲಿಮೀಟರ್ ಅಂತರವಿಟ್ಟು ಆರಂಭಿಸಿ, ಸ್ಕ್ರೂವನ್ನು ಅರ್ಧ ಸುತ್ತಿನಂತೆ ತಿರುಗಿಸುತ್ತ ಕಿವಿಗೊಟ್ಟು ಕೇಳಬೇಕು. ಇದಕ್ಕೆ ಹಣ ಬೇಡ, ತಾಳ್ಮೆ ಸಾಕು.

ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ ಪಿಕಪ್ ಬದಲಿಸುವ ವಿಚಾರ ಮಾಡಬಹುದು. ಒಂಟಿ ಸುರುಳಿಯ ಪಿಕಪ್ಪಿನ ನಾದ ಚುರುಕು; ಆದರೆ ಅದು ಮನೆಯ ವಿದ್ಯುತ್ ತಂತಿಗಳಿಂದ ಬರುವ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ಸೇಥ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಜೋಡಿಸಿ ಇದಕ್ಕೆ ಉಪಾಯ ಕಂಡರು. ಈ ಜೋಡಣೆಯಲ್ಲಿ ಗುಂಯ್ ಸದ್ದು ಒಂದನ್ನೊಂದು ಅಳಿಸುತ್ತದೆ. ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಇದೇ 'ಹಂಬಕರ್'. ಇದರ ನಾದ ದಪ್ಪ, ಮೃದು. ಇವೆರಡರಲ್ಲಿ ಮೇಲುಕೀಳಿಲ್ಲ, ನುಡಿಸುವ ಸಂಗೀತಕ್ಕೆ ತಕ್ಕಂತೆ ಆರಿಸಬೇಕು. ಕೊಳ್ಳುವ ಮುಂಚೆ ಒಡಲಿನ ಗುಳಿಯ ಅಳತೆಯನ್ನೂ ನೋಡಿಕೊಳ್ಳಬೇಕು.

ವಿದ್ಯಾರ್ಥಿಗಳೇ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲವನ್ನು ವಹಿಯಲ್ಲಿ ಬರೆದಿಡಿರಿ. ಆಂಪ್ಲಿಫೈಯರನ್ನು ಮಾತ್ರ ಬಿಚ್ಚಬೇಡಿರಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಪಾಲಕರೇ, ಹಣ ಬಿಚ್ಚುವ ಮೊದಲು ಮೇಲಿನ ನಾಲ್ಕು ಕೆಲಸಗಳನ್ನು ಮಾಡಿಸಿರಿ. ಸರಿಯಾಗಿ ಹೊಂದಿಸಿದ ವಾದ್ಯವನ್ನು ಕೈಗೆ ಕೊಟ್ಟು ಕೇಳಿದ ಮೇಲೆಯೇ ಮಗುವಿನ ಸ್ವರಜ್ಞಾನದ ಮಾತು ಆಡೋಣ.