ಫೋಟೊದಲ್ಲಿ ಸೋಪಿನ ಗುಳ್ಳೆ ಹಾರಿಸಿ!

ನಿಮ್ಮ ಫೋಟೊ ತುಂಬ ಬಣ್ಣದ ಗುಳ್ಳೆಗಳು ಹಾರಾಡಿದರೆ ಎಷ್ಟು ಚೆಂದ, ಅಲ್ಲವೇ? ಕಂಪ್ಯೂಟರಿನಲ್ಲಿ 'ಜಿಂಪ್' ಎಂಬ ಉಚಿತ ತಂತ್ರಾಂಶವಿದ್ದರೆ ಸಾಕು. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಇದನ್ನು ಆರಂಭಿಸಿದರು.

ಮೊದಲು ನಿಜವಾದ ಗುಳ್ಳೆಯೊಂದನ್ನು ಊದಿ ನೋಡಿ. ನಡುವೆ ಹಿಂದಿನದೆಲ್ಲ ಕಾಣುತ್ತದೆ. ಅಂಚು ಮಾತ್ರ ಹೊಳೆಯುತ್ತದೆ. ತೆಳು ಪೊರೆಯ ಎರಡೂ ಬದಿಯಿಂದ ಮರಳುವ ಬೆಳಕು ಬೆರೆತು ಬಣ್ಣ ಮೂಡುತ್ತದೆ. ಇಡೀ ವೃತ್ತಕ್ಕೆ ಬಣ್ಣ ಬಳಿದರೆ ಅದು ಗುಳ್ಳೆಯಲ್ಲ, ಬಲೂನು!

ಮಾಡುವ ವಿಧಾನ

1. ಫೋಟೊದ ಪ್ರತಿಯೊಂದನ್ನು ತೆರೆದು, ಪಾರದರ್ಶಕವಾದ ಹೊಸ ಲೇಯರ್ ಸೇರಿಸಿ.

2. 'ಎಲಿಪ್ಸ್ ಸೆಲೆಕ್ಟ್' ಆರಿಸಿ. ಮೌಸ್ ಎಳೆಯುತ್ತಾ ಶಿಫ್ಟ್ ಒತ್ತಿ ಹಿಡಿದರೆ ದುಂಡನೆಯ ವೃತ್ತ ಬರುತ್ತದೆ. ಅಗಲ ಸುಮಾರು 400 ಪಿಕ್ಸೆಲ್ ಇರಲಿ. ಅದಕ್ಕೆ ಬಿಳಿ ಬಣ್ಣ ತುಂಬಿ.

3. ಸೆಲೆಕ್ಟ್ ಮೆನುವಿನಲ್ಲಿ 'ಶ್ರಿಂಕ್' 30, 'ಫೆದರ್' 40 ಕೊಟ್ಟು ಡಿಲೀಟ್ ಒತ್ತಿ. ನಡುಭಾಗ ಮಾಯವಾಗಿ ಅಂಚು ಉಳಿಯುತ್ತದೆ. ಈಗ 'ಸೆಲೆಕ್ಟ್ ನನ್' ಕೊಡಿ.

4. ಲೇಯರಿಗೆ 'ಲಾಕ್ ಆಲ್ಫಾ' ಹಾಕಿ, ಮೃದು ಬ್ರಷ್‌ನಿಂದ ಅಂಚಿಗೆ ಗುಲಾಬಿ, ಹಸಿರು, ನೀಲಿ ತೆಳುವಾಗಿ ಸವರಿ.

5. ಲಾಕ್ ತೆಗೆಯಿರಿ. ಫೋಟೊದಲ್ಲಿ ಬೆಳಕು ಬರುವ ಕಡೆ ಒಂದು ಬಿಳಿ ಚುಕ್ಕೆ ಇಡಿ. ಗುಳ್ಳೆಯ ಹಿಂಬದಿಯೂ ಕನ್ನಡಿಯಂತೆ ಬೆಳಕನ್ನು ಮರಳಿಸುವುದರಿಂದ, ಎದುರು ಬದಿಗೆ ಇನ್ನೊಂದು ಮಸುಕು ಚುಕ್ಕೆ ಬೇಕು.

ಈ ಲೇಯರನ್ನು ನಕಲು ಮಾಡಿ, 'ಸ್ಕೇಲ್' ಬಳಸಿ ದೊಡ್ಡವು ಎರಡು, ಚಿಕ್ಕವು ಏಳೆಂಟು ಗುಳ್ಳೆ ಹರಡಿ. ದೂರದವಕ್ಕೆ 'ಒಪಾಸಿಟಿ' ಇಳಿಸಿ. ಯಾರ ಮುಖವನ್ನೂ ಮುಚ್ಚಬೇಡಿ.

ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿದರೆ ಲೇಯರ್‌ಗಳು ಹಾಗೇ ಇರುತ್ತವೆ. ಅಜ್ಜಿ-ತಾತನಿಗೆ ಕಳಿಸಲು ಜೆಪಿಇಜಿಯಾಗಿ 'ಎಕ್ಸ್‌ಪೋರ್ಟ್' ಮಾಡಿ.