ಮಕ್ಕಳ ನೆರವಿಗೆ ಬೈಸಿಕಲ್ ಯಾತ್ರೆ: ಒಂದು ಶಕ್ತಿಯ ಲೆಕ್ಕ

ಯುದ್ಧದಿಂದ ನೊಂದ ಮಕ್ಕಳಿಗಾಗಿ ಧನಸಂಗ್ರಹ ಮಾಡಲು ಬೈಸಿಕಲ್ಲಿನ ಮೇಲೆ ದೂರದ ಯಾತ್ರೆ ಕೈಗೊಳ್ಳುವ ಪದ್ಧತಿ ಈಗ ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಸವಾರನು ಕ್ರಮಿಸುವ ಪ್ರತಿ ಕಿಲೋಮೀಟರಿಗೆ ಇಷ್ಟು ಹಣವೆಂದು ದಾನಿಗಳು ಮೊದಲೇ ಮಾತು ಕೊಡುತ್ತಾರೆ. ಇಂತಹ ನೆರವಿನ ಕಾರ್ಯ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಬಳಿಕ ಹಸಿದ ಮಕ್ಕಳಿಗಾಗಿ 1919ರಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆಯನ್ನು ಕಟ್ಟಿದರು. ಎರಡನೆಯ ಮಹಾಯುದ್ಧದ ತರುವಾಯ, 1946ರ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಜನ್ಮ ತಾಳಿತು. ಯಾದಗಿರಿ, ಶಹಾಪುರ, ಸುರಪುರಗಳ ಜನರಿಗೂ ಈ ಸಂಕಟ ಅಪರಿಚಿತವಲ್ಲ. 1858ರಲ್ಲಿ ಸುರಪುರ ಬ್ರಿಟಿಷರ ಸೈನ್ಯಕ್ಕೆ ತುತ್ತಾಯಿತು. ಈ ಸೀಮೆಯು ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1948ಕ್ಕೆ ಮೊದಲಿನ ರಜಾಕಾರರ ಹಾವಳಿಗೆ ಅಂಜಿ, ಸಂಸ್ಥಾನದ ಎಷ್ಟೋ ಕುಟುಂಬಗಳು ಮನೆಮಾರು ಬಿಟ್ಟು ನೆರೆಯ ಪ್ರಾಂತಗಳಲ್ಲಿ ಆಶ್ರಯ ಪಡೆದವು.

ಈಗ ನಮ್ಮ ವಿದ್ಯಾರ್ಥಿಗಳು ಅಂತಹುದೊಂದು ಯಾತ್ರೆಗೆ ಹೊರಡುವರೆಂದು ಭಾವಿಸೋಣ. ಯಾದಗಿರಿಯಿಂದ ಹೊರಟು, ಭೀಮಾನದಿಯನ್ನು ದಾಟಿ, ಶಹಾಪುರದ ಮಾರ್ಗವಾಗಿ ಸುರಪುರವನ್ನು ಸೇರಲು ದಾರಿ ಸುಮಾರು 60 ಕಿಲೋಮೀಟರು. ಇದಕ್ಕೆ ಎಷ್ಟು ಶಕ್ತಿ ಬೇಕು? ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಭೌತಶಾಸ್ತ್ರದ ನೆರವಿನಿಂದ ಈ ಪ್ರಶ್ನೆಗಳನ್ನು ವಿಚಾರಿಸೋಣ.

ಸಮತಟ್ಟಾದ ದಾರಿಯಲ್ಲಿ ಸವಾರನನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಒಂದು, ಗಾಲಿಗಳು ನೆಲದ ಮೇಲೆ ಉರುಳುವಾಗ ಟೈರು ಚಪ್ಪಟೆಯಾಗಿ ಮತ್ತೆ ಉಬ್ಬುವುದರಿಂದ ಉಂಟಾಗುವ ಘರ್ಷಣೆ. ಎರಡು, ಗಾಳಿಯ ತಡೆ. ಸವಾರ ಮತ್ತು ಬೈಸಿಕಲ್ಲು ಸೇರಿ 80 ಕಿಲೋಗ್ರಾಂ ತೂಗಿದರೆ ಸಾಧಾರಣ ರಸ್ತೆಯಲ್ಲಿ ಮೊದಲನೆಯದು ಸುಮಾರು 6 ನ್ಯೂಟನ್. ವೇಗ ಗಂಟೆಗೆ 15 ಕಿಲೋಮೀಟರು ಇದ್ದಾಗ ಎರಡನೆಯದೂ ಹೆಚ್ಚು ಕಡಮೆ ಅಷ್ಟೇ. ಒಟ್ಟು 12 ನ್ಯೂಟನ್ ಬಲವನ್ನು 60,000 ಮೀಟರು ದೂರದಿಂದ ಗುಣಿಸಿದರೆ 7,20,000 ಜೂಲ್ ಕೆಲಸವಾಗುತ್ತದೆ. ನಾಲ್ಕು ಗಂಟೆಗಳಲ್ಲಿ ಇದನ್ನು ಮುಗಿಸಲು ಬೇಕಾದ ಸಾಮರ್ಥ್ಯ ಕೇವಲ 50 ವ್ಯಾಟ್. ಅಂದರೆ ಅಶ್ವಶಕ್ತಿಯ ಹದಿನೈದನೆಯ ಒಂದು ಭಾಗ! ದಾರಿಯಲ್ಲಿ 50 ಮೀಟರು ಎತ್ತರದ ಏರು ಸಿಕ್ಕರೂ ಅದಕ್ಕೆ ತಗಲುವ ಹೆಚ್ಚಿನ ಕೆಲಸ ಸುಮಾರು 39,000 ಜೂಲ್ ಮಾತ್ರ.

ಹಾಗಾದರೆ ವೇಗವನ್ನು ಇಮ್ಮಡಿಗೊಳಿಸಿ ಎರಡು ಗಂಟೆಗಳಲ್ಲೇ ತಲಪಬಾರದೇಕೆ? ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಒಟ್ಟು ಬಲ 30 ನ್ಯೂಟನ್ನಿಗೆ ಏರಿ, ಬೇಕಾಗುವ ಸಾಮರ್ಥ್ಯ 250 ವ್ಯಾಟ್, ಎಂದರೆ ಐದು ಪಟ್ಟು ಆಗುತ್ತದೆ. ಇದನ್ನು ಎರಡು ಗಂಟೆ ಕಾಲ ಉಳಿಸಿಕೊಳ್ಳುವುದು ಚೆನ್ನಾಗಿ ಪಳಗಿದ ಸ್ಪರ್ಧಿಗಳ ಕೆಲಸವೇ ಹೊರತು ನಮ್ಮಂಥವರದಲ್ಲ.

ಗಾಳಿಯ ಇನ್ನೊಂದು ಚಮತ್ಕಾರವನ್ನೂ ಗಮನಿಸಬೇಕು. ಮುಂಗಾರಿನಲ್ಲಿ ಇಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವನಿಗೆ ಅದು ಎದುರುಗಾಳಿ. ಗಾಳಿಯ ವೇಗ ಗಂಟೆಗೆ 10 ಕಿಲೋಮೀಟರು ಇದ್ದರೆ ಒಟ್ಟು ತಡೆ 12ರಿಂದ ಸುಮಾರು 23 ನ್ಯೂಟನ್ನಿಗೆ ಏರುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗೆ ನಿಂತು ತಡೆಯನ್ನು 7ಕ್ಕೆ ಇಳಿಸುತ್ತದೆ. ಹೋಗುವಾಗ 11 ಹೆಚ್ಚು, ಬರುವಾಗ 5 ಮಾತ್ರ ಕಡಮೆ! ಗಾಳಿಯು ಪಡೆದ ಸಾಲವನ್ನು ಪೂರ್ತಿಯಾಗಿ ತೀರಿಸುವುದಿಲ್ಲ.

ಈ ಶಕ್ತಿಯೆಲ್ಲ ಬರುವುದು ನಾವು ಉಂಡ ಅನ್ನದಿಂದ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದ ಮುಕ್ಕಾಲು ಪಾಲು ಶಾಖವಾಗುತ್ತದೆ. ಆದುದರಿಂದ ಗಾಳಿಯಿಲ್ಲದ ದಿನ 60 ಕಿಲೋಮೀಟರಿಗೆ ಸುಮಾರು 690 ಕಿಲೋಕ್ಯಾಲರಿ ಬೇಕು. ಇದು 200 ಗ್ರಾಂ ಜೋಳದ ಹಿಟ್ಟಿನಲ್ಲಿ ಅಡಗಿದೆ. ಎರಡು ಮೂರು ರೊಟ್ಟಿಗಳು ಮನುಷ್ಯನನ್ನು ಯಾದಗಿರಿಯಿಂದ ಸುರಪುರಕ್ಕೆ ಒಯ್ಯುತ್ತವೆ ಎಂದಾಯಿತು.

ಆದರೆ ಶಾಖದ ಪಾಲನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿಯೇ ಹೆಚ್ಚು ಬಿಸಿಯಾಗಿರುವಾಗ ಬೆವರು ಆರುವುದೊಂದೇ ದೇಹ ತಣಿಯುವ ಮಾರ್ಗ. ನಮ್ಮ ಸವಾರನ ಶಾಖವನ್ನು ಹೊರಹಾಕಲು ಸುಮಾರು ಒಂದು ಲೀಟರು ಬೆವರು ಆರಬೇಕು. ಬಿಸಿಲಿನ ತಾಪಕ್ಕೆ ಇನ್ನೂ ಹೆಚ್ಚು. ಆದಕಾರಣ ಯಾತ್ರೆಯನ್ನು ಚಳಿಗಾಲದಲ್ಲಿ ಇರಿಸಿಕೊಂಡು, ನಸುಕಿನಲ್ಲೇ ಹೊರಟು, ನೀರನ್ನೂ ತುಸು ಉಪ್ಪನ್ನೂ ಆಗಾಗ ಸೇವಿಸುವುದು ಕ್ಷೇಮ.

ಇನ್ನು ಕೊನೆಯ ಪ್ರಶ್ನೆ: ಇಷ್ಟೆಲ್ಲದರಿಂದ ಮಗುವಿಗೆ ಏನು ದಕ್ಕಿತು? ತೀವ್ರ ಅಪೌಷ್ಟಿಕತೆಗೆ ಸಿಕ್ಕಿದ ಮಕ್ಕಳಿಗೆ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳಿಂದ ಮಾಡಿ, ಜೀವಸತ್ವಗಳನ್ನು ಬೆರೆಸಿದ ಲೇಹವನ್ನು ಕೊಡುತ್ತಾರೆ. ನೀರು ಬೆರೆಸಬೇಕಿಲ್ಲವಾದ್ದರಿಂದ ಶುದ್ಧಜಲ ದೊರೆಯದ ನಿರಾಶ್ರಿತರ ಶಿಬಿರದಲ್ಲೂ ಅದು ಕೆಡದೆ ಉಪಯೋಗಕ್ಕೆ ಬರುತ್ತದೆ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕಿಲೋಕ್ಯಾಲರಿ ಇವೆ. ಒಂದು ಮಗು ಚೇತರಿಸಿಕೊಳ್ಳಲು ಆರೆಂಟು ವಾರಗಳಲ್ಲಿ ಸುಮಾರು 150 ಪೊಟ್ಟಣಗಳು ಬೇಕಾಗುತ್ತವೆ. ಸವಾರನು ವ್ಯಯಿಸಿದ ಶಕ್ತಿಯಾದರೋ ಒಂದೂವರೆ ಪೊಟ್ಟಣಕ್ಕೂ ಸಾಲದು. ಅದೂ ಗಾಳಿಯಲ್ಲಿ, ರಸ್ತೆಯಲ್ಲಿ ಶಾಖವಾಗಿ ಕರಗಿಹೋಯಿತು.

ಹೀಗೆಂದು ಯಾತ್ರೆ ವ್ಯರ್ಥವೆನ್ನಲಾದೀತೆ? ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಹೊರಟು, ಒಬ್ಬೊಬ್ಬರೂ ಹತ್ತು ದಾನಿಗಳಿಂದ ಕಿಲೋಮೀಟರಿಗೆ ಐವತ್ತು ಪೈಸೆಯ ಮಾತು ಪಡೆದರೆ ಸುರಪುರ ಸೇರುವ ವೇಳೆಗೆ 6,000 ರೂಪಾಯಿ ಕೂಡುತ್ತದೆ. ಮಗುವನ್ನು ತಲಪುವುದು ತುಳಿದ ಶಕ್ತಿಯಲ್ಲ, ಕೊಟ್ಟ ಮಾತು. ಸವಾರನು ದಾರಿಯನ್ನು ಮುಗಿಸಿದುದೇ ದಾನಿಯು ತನ್ನ ಮಾತನ್ನು ಉಳಿಸಿಕೊಳ್ಳಲು ಕಾರಣವಾಗುತ್ತದೆ. ಹಣವನ್ನು ನಂಬಿಕೆಗೆ ಅರ್ಹವಾದ ಸಂಸ್ಥೆಗೆ ಸಲ್ಲಿಸಿ ರಸೀದಿ ಪಡೆದರೆ ಈ ಲೆಕ್ಕ ಪೂರ್ತಿಯಾಗುತ್ತದೆ.

ಐವತ್ತು ವ್ಯಾಟ್ ಅಲ್ಪವೇ ಸರಿ. ಆದರೆ ನಾಲ್ಕು ಗಂಟೆ ಬಿಡದೆ ನಡೆಸಿದಾಗ ಅದು ಊರಿಂದ ಊರಿಗೆ ಮುಟ್ಟಿಸುತ್ತದೆ. ಮಗುವಿನ ಚೇತರಿಕೆಯೂ ಒಂದು ದಿನದ ಔತಣದಿಂದ ಆಗತಕ್ಕದ್ದಲ್ಲ, ವಾರಗಟ್ಟಲೆ ತಪ್ಪದೆ ಬರುವ ಸಣ್ಣ ಪೊಟ್ಟಣಗಳಿಂದ ಆಗತಕ್ಕದ್ದು.